ರಾಟ್‌ವೈಲರ್ ಬೇಕು, ಬೆಳಿಗ್ಗೆ ಏಳೋಕಾಗಲ್ಲ

ನಮ್ಮ ಪಾಲಹಳ್ಳಿ ಕಡೆ ಈಗೊಂದು ಹೊಸ ಶೋಕಿ. ಕಬ್ಬಿನ ಗದ್ದೆ ಪಕ್ಕ ತೋಟದ ಮನೆ ಕಟ್ಟಿಸೋದು, ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು, ಒಳಗೊಂದು ರಾಟ್‌ವೈಲರ್. ಓನರು ಬೆಂಗಳೂರಲ್ಲಿ. ಶನಿವಾರ ಬರ್ತಾರೆ, ಸೆಲ್ಫಿ ತಗೊಂಡು ಹೋಗ್ತಾರೆ. ಇದು ನಾಯಿ ಸಾಕೋದಾ?

ಜರ್ಮನಿಯ ರಾಟ್‌ವೈಲ್ ಊರಲ್ಲಿ ಕಟುಕರ ದನ ಹೊಡೆದು, ಗಾಡಿ ಎಳೆದ ತಳಿ ಇದು. ಗಂಡು ನಾಯಿ 50 ಕೆಜಿ ತೂಗುತ್ತೆ. ಕೆಲಸ ಕೊಟ್ಟರೆ ಬಹಳ ಬುದ್ಧಿವಂತ, ಮನೆಯವರಿಗೆ ಪ್ರಾಣ ಕೊಡುತ್ತೆ. ದಿನವಿಡೀ ಮೂರಡಿ ಚೈನಲ್ಲಿ ಬಿದ್ದಿದ್ದರೆ? ಹಾಲಿನವನು, ಲೈನ್‌ಮನ್, ಸ್ಕೂಲ್ ಮಕ್ಕಳು, ಎಲ್ಲರೂ ಅದಕ್ಕೆ ಕಳ್ಳರೇ. ಎಳೆಮರಿ ಇದ್ದಾಗಲೇ ಹತ್ತಾರು ಜನ, ಬೇರೆ ನಾಯಿಗಳು, ಸ್ಕೂಟರ್ ಸದ್ದು ಎಲ್ಲಾ ನೋಡಿ ಪಳಗಬೇಕು. ಆ ಕಾಲ ದಾಟಿದರೆ ಕಷ್ಟ. ಪಾರ್ವೊ ರೋಗ ಈ ತಳಿಗೆ ಜಾಸ್ತಿ, ಲಸಿಕೆ ತಪ್ಪಿಸೋ ಹಾಗಿಲ್ಲ. ತೂಕ ಏರಿದರೆ ಸೊಂಟದ ಕೀಲಿಗೆ ಪೆಟ್ಟು. ದಟ್ಟ ಕಪ್ಪು ಕೂದಲಿನ ಆ ಪ್ರಾಣಿನ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟ್ ಕೆಳಗೆ ಕಟ್ಟಿರ್ತಾರೆ, ಪುಣ್ಯಾತ್ಮರು!

2024ರ ಮಾರ್ಚಲ್ಲಿ ಕೇಂದ್ರ ಸರ್ಕಾರ 23 ತಳಿ ನಿಷೇಧಿಸಿ ಅಂತ ರಾಜ್ಯಗಳಿಗೆ ಬರೆದಾಗ ರಾಟ್‌ವೈಲರೂ ಪಟ್ಟಿಯಲ್ಲಿತ್ತು. ಸಂಬಂಧಪಟ್ಟವರನ್ನ ಕೇಳದೆ ಮಾಡಿದ್ದಾರೆ ಅಂತ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಆ ಸುತ್ತೋಲೆ ರದ್ದು ಮಾಡ್ತು. 'ತಪ್ಪು ತಳೀದಲ್ಲ, ಸಾಕೋರದ್ದು' ಅಂತ ಶ್ವಾನಪ್ರಿಯರು ವಾದಿಸಿದ್ರು. ನಾನೂ ಒಪ್ತೀನಿ. ಹಾಗಿದ್ರೆ ಸಾಕೋರು ಎಲ್ಲಿದ್ದೀರಿ? ಕಚ್ಚಿದ ದಿನ ಜನ ಬೈಯೋದು ನಿಮ್ಮ ವಾಚ್‌ಮನ್‌ಗೆ. ಆಸ್ಪತ್ರೆಗೆ ಓಡೋದು ಊರಿನ ಮಗು.

ಕಳ್ಳರ ಭಯವೇ ಆದ್ರೆ ಸಿಸಿಟಿವಿ ಹಾಕ್ಸಿ. ಇಲ್ಲಾಂದ್ರೆ ಊರಿನದ್ದೇ ಒಂದು ನಾಟಿ ಮರಿ ತಗೊಳ್ಳಿ, ಬೊಗಳೋಕೆ ಅದಕ್ಕೂ ಬರುತ್ತೆ. ರಾಟ್‌ವೈಲರೇ ಬೇಕು ಅಂದ್ರೆ ಬೆಳಿಗ್ಗೆ ಐದೂವರೆಗೆ ಎದ್ದು, ಬೆಲ್ಟ್ ಹಿಡಿದು ನೀವೇ ನಡೆಸಿ. ವಾರಕ್ಕೆ ಏಳು ದಿನ.