ಬೇಸ್ ಗಿಟಾರ್‌ಗೆ ಜವಾರಿ ಮರ ಆಗೋದಿಲ್ಲವೇ?

ಎಡಗೈಯವರಿಗೆ ಬೇಸ್ ಗಿಟಾರ್ ಅಂಗಡಿಯಲ್ಲಿ ಸಿಗುವುದು ಅಪರೂಪ. ಹುಬ್ಬಳ್ಳಿಯಲ್ಲಿ ಕೇಳಿದರೂ ಬೆಂಗಳೂರಿನಲ್ಲಿ ಕೇಳಿದರೂ ನನಗೆ ಸಿಕ್ಕ ಉತ್ತರ ಒಂದೇ: ‘ಆರ್ಡರ್ ಕೊಟ್ಟು ಮಾಡಿಸಬೇಕು’. ಮಾಡಿಸಲು ಹೊರಟರೆ ಅವರು ಮೊದಲು ಕೇಳುವುದೇ ಮರದ ಬಗ್ಗೆ. ಬಾಡಿಗೆ ಯಾವ ಮರ, ನೆಕ್‌ಗೆ ಯಾವುದು, ಫಿಂಗರ್‌ಬೋರ್ಡ್‌ಗೆ ಯಾವುದು? ಒಂದೊಂದು ಮರಕ್ಕೂ ಒಂದೊಂದು ವಿಶೇಷಣ ಬೇರೆ. ಆಶ್ ಚುರುಕಂತೆ, ಆಲ್ಡರ್ ಸಮತೋಲವಂತೆ, ಮಹಾಗನಿ ಬೆಚ್ಚಗಂತೆ, ಕರಿಮರ ಹರಿತವಂತೆ. ಓದುತ್ತ ಹೋದರೆ ಮಸಾಲೆ ಪುಡಿಯ ಜಾಹೀರಾತು ನೆನಪಾಗುತ್ತದೆ.

ಈ ವಿಶೇಷಣಗಳಿಗೆ ಬೆಲೆಯೂ ಇದೆ. ಬೆಂಗಳೂರಿನ ತಯಾರಕರೊಬ್ಬರು ನನಗೆ ಎರಡು ಅಂದಾಜು ಕಳಿಸಿದರು. ಸಾದಾ ಮರದ್ದು 46 ಸಾವಿರ. ಅದೇ ಪಿಕಪ್, ಅದೇ ಬ್ರಿಜ್, ಅದೇ ಅಳತೆಗೆ ಹೊರದೇಶದ ಮರ ಹಾಕಿದರೆ 74 ಸಾವಿರ. ನಾವು ನಾಲ್ವರು ಗೆಳೆಯರ ತಂಡ. ಒಬ್ಬ ಕೊಪ್ಪಳದವನು, ಒಬ್ಬ ಕುಷ್ಟಗಿ, ಇನ್ನೊಬ್ಬ ಯಲಬುರ್ಗಾ, ನಾನು ಗಂಗಾವತಿ. ಮದುವೆ, ಜಾತ್ರೆಗಳ ರಸಮಂಜರಿಯಲ್ಲಿ ನುಡಿಸಿದರೆ ಖರ್ಚು ಕಳೆದು ತಲಾ ಎರಡು ಸಾವಿರ ಕೈಗೆ ಬರುತ್ತದೆ. ಅಂದರೆ ಬರೀ ಮರದ ವ್ಯತ್ಯಾಸಕ್ಕೆ ಹದಿನಾಲ್ಕು ರಾತ್ರಿ ನಿದ್ದೆಗೆಡಬೇಕು. ಆ 28 ಸಾವಿರಕ್ಕೆ ಕಣ್ಣಿಗೆ ಚೆಂದ ಸಿಗುತ್ತದೆ, ಕಿವಿಗೆ ಸಿಗುವುದು ಬಹಳ ಕಡಿಮೆ ಎಂಬುದು ನನ್ನ ವಾದ. ಮರ ಲೆಕ್ಕಕ್ಕೇ ಇಲ್ಲ ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಮರ ಕೆಲಸ ಮಾಡುತ್ತದೆ, ಆದರೆ ಜಾಹೀರಾತು ತೋರಿಸುವ ಜಾಗದಲ್ಲಲ್ಲ.

ನಮ್ಮ ಹುಲಿಗೆಮ್ಮನ ಗುಡಿಯ ಮುಂದೆ ಜೋಗತಿಯರು ನುಡಿಸುವ ಚೌಡಿಕೆಯನ್ನೇ ನೋಡಿ. ಮರದ ಪೊಳ್ಳು ಕೊಳವೆ, ಒಂದು ಬದಿಗೆ ಚರ್ಮ, ಚರ್ಮಕ್ಕೆ ಕಟ್ಟಿದ ತಂತಿ. ತಂತಿ ಮೀಟಿದರೆ ಚರ್ಮ ನಡುಗುತ್ತದೆ, ಒಳಗಿನ ಗಾಳಿ ನಡುಗುತ್ತದೆ, ಅದು ನಮ್ಮ ಕಿವಿಗೆ ಬರುತ್ತದೆ. ವೀಣೆಗೆ ಹಲಸಿನ ಮರವೇ ಬೇಕೆಂದು ಮಾಡುವವರು ಹಟ ಹಿಡಿಯುವುದೂ ಇದಕ್ಕೇ. ಅಲ್ಲಿ ಕೊಡದ ಮೇಲಿನ ಹಲಗೆಯೇ ಸ್ಪೀಕರ್. ಎಲೆಕ್ಟ್ರಿಕ್ ಬೇಸ್‌ನಲ್ಲಿ ಬಾಡಿ ಗಟ್ಟಿ ಹಲಗೆ, ಗಾಳಿಯನ್ನು ತಳ್ಳುವ ಕೆಲಸ ಅದಕ್ಕಿಲ್ಲ. ತಂತಿಯ ಕೆಳಗಿರುವ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದರೆ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಯುಸಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಫ್ಯಾರಡೆ ನಿಯಮ ಇದೇ. ಪಿಕಪ್ ಮತ್ತು ತಂತಿಯ ನಡುವೆ ತೆಳ್ಳನೆಯ ಮರದ ಚೂರು ಹಿಡಿದರೂ ಧ್ವನಿ ನಿಲ್ಲುವುದಿಲ್ಲ. ಪಿಕಪ್‌ಗೆ ಮರ ಕಾಣುವುದೇ ಇಲ್ಲ, ಉಕ್ಕು ಮಾತ್ರ ಕಾಣುತ್ತದೆ.

ಹಾಗಾದರೆ ಮರಕ್ಕೇನು ಕೆಲಸ? ತಂತಿಯ ಎರಡು ತುದಿ ಹಿಡಿದುಕೊಳ್ಳುವುದು. ಕೇಳಲು ಸಣ್ಣ ಕೆಲಸ, ಆದರೆ ಬೇಸ್‌ನಲ್ಲಿ ಸಣ್ಣದಲ್ಲ. ಸಾಮಾನ್ಯ ಬೇಸ್‌ನ ತಂತಿ 34 ಇಂಚು ಉದ್ದ, ಅದಕ್ಕೆ ತಕ್ಕಂತೆ ನೆಕ್ ಕೂಡ ಉದ್ದ. ಉದ್ದದ ಕೋಲಿಗೆ ತನ್ನದೇ ಆದ ಕಂಪನದ ಆವರ್ತನ ಇರುತ್ತದೆ. ನೀವು ನುಡಿಸಿದ ಸ್ವರ ಆ ಆವರ್ತನಕ್ಕೆ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನು ನೆಕ್ ಎಳೆದುಕೊಳ್ಳುತ್ತದೆ. ಸ್ವರ ಬೇಗ ಸಾಯುತ್ತದೆ. ಇದಕ್ಕೆ ‘ಡೆಡ್ ಸ್ಪಾಟ್’ ಅನ್ನುತ್ತಾರೆ. ಜರ್ಮನಿಯ ಹೆಲ್ಮುಟ್ ಫ್ಲೈಶರ್ ಎಂಬ ಸಂಶೋಧಕರು 1990ರ ದಶಕದ ಕೊನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಇದನ್ನು ಅಳೆದು ತೋರಿಸಿದರು. ಬೇಸ್‌ನಲ್ಲಿ ಈ ಸತ್ತ ಜಾಗ ಹೆಚ್ಚಾಗಿ ಸಿಗುವುದು ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸಿನಲ್ಲಿ, ಅಂದರೆ ಸುಮಾರು 131ರಿಂದ 147 ಹರ್ಟ್ಜ್ ನಡುವೆ.

ಇದನ್ನು ನಾವೇ ಪರೀಕ್ಷೆ ಮಾಡಿದೆವು. ಕುಷ್ಟಗಿ ಗೆಳೆಯನ ಬೇಸ್, ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಸ್ಪೆಕ್ಟ್ರಮ್ ಆ್ಯಪ್, ಹಾಸ್ಟೆಲ್ ಕೋಣೆ. ಜಿ ತಂತಿಯ ಆರನೇ ಫ್ರೆಟ್‌ನಲ್ಲಿ ಸ್ವರ ಪಕ್ಕದ ಸ್ವರಗಳಿಗಿಂತ ಅರ್ಧ ಹೊತ್ತೂ ನಿಲ್ಲುತ್ತಿರಲಿಲ್ಲ. ನಮ್ಮ ಓಣಿಯ ಬಡಿಗೇರ ಕಾಕಾ ಕೊಟ್ಟ ಸಣ್ಣ ಸಿ-ಕ್ಲ್ಯಾಂಪನ್ನು ಬಟ್ಟೆ ಸುತ್ತಿ ನೆಕ್‌ನ ತಲೆಗೆ ಬಿಗಿದೆವು. ತೂಕ ಕೂಡಿದ್ದರಿಂದ ನೆಕ್‌ನ ಆವರ್ತನ ಇಳಿಯಿತು, ಸತ್ತ ಜಾಗ ಒಂದೂವರೆ ಫ್ರೆಟ್ ಹಿಂದೆ ಸರಿಯಿತು. ಎಂಜಿನಿಯರಿಂಗ್ ಸೇರಿದ ಮೇಲೆ ಲ್ಯಾಬ್‌ನಲ್ಲಿ ಎಷ್ಟೋ ಪ್ರಯೋಗ ಮಾಡಿದ್ದೇನೆ, ಇಷ್ಟು ಖುಷಿ ಕೊಟ್ಟಿದ್ದು ಇದೊಂದೇ.

ಇಲ್ಲಿಂದ ನಾನು ಕಲಿತದ್ದು, ಮರಕ್ಕೆ ಹಣ ಹಾಕುವುದಾದರೆ ನೆಕ್‌ಗೆ ಹಾಕಬೇಕು ಎಂದು. ಬಿಗಿಯಾದ, ಚೆನ್ನಾಗಿ ಒಣಗಿದ, ನಾರು ನೆಟ್ಟಗಿರುವ ಮರ. ಒಂದೇ ತುಂಡಿಗಿಂತ ಮೂರೋ ಐದೋ ಪಟ್ಟಿ ಅಂಟಿಸಿದ್ದು ಇನ್ನೂ ಮೇಲು, ತಿರುಚಿಕೊಳ್ಳುವುದು ಕಡಿಮೆ. ನಮ್ಮ ಕಡೆಯ ಬಿಸಿಲಿಗೆ ಇದು ದೊಡ್ಡ ಮಾತು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಮಳೆಗಾಲದಲ್ಲಿ ಬಚ್ಚಲ ಬಾಗಿಲು ಉಬ್ಬಿ ಮುಚ್ಚುವುದೇ ಇಲ್ಲ. ಅದೇ ಉಬ್ಬು-ಕುಗ್ಗು ನೆಕ್‌ಗೂ ಆಗುತ್ತದೆ. ಕಂಪನಿಗಳ ಕಡೆಯಿಂದ ನೋಡಿದರೂ ಇದೇ ಕಥೆ. ನೆಡ್ ಸ್ಟೈನ್‌ಬರ್ಗರ್ 1980ರ ಹೊತ್ತಿಗೆ ಮರವನ್ನೇ ಬಿಟ್ಟು ಕಾರ್ಬನ್ ಮತ್ತು ರಾಳದಿಂದ ಬೇಸ್ ಮಾಡಿದರು. ಅದೂ ಬೇಸ್ ಥರವೇ ಕೇಳುತ್ತದೆ, ನೆಕ್ ಬಿಗಿ ಇರುವುದರಿಂದ ಸ್ವರ ಎಲ್ಲ ಕಡೆ ಸಮನಾಗಿ ನಿಲ್ಲುತ್ತದೆ.

ಬಾಡಿಯ ಮರ ಬದಲಾದರೆ ಮೊದಲು ಗೊತ್ತಾಗುವುದು ಭುಜಕ್ಕೆ. ಬೇಸ್ ಬಾಡಿಯ ಗಾತ್ರ ಹೆಚ್ಚುಕಡಿಮೆ ನಾಲ್ಕೂವರೆ ಲೀಟರ್. ಆಲ್ಡರ್ ಮರದ ಸಾಂದ್ರತೆ ಘನ ಮೀಟರ್‌ಗೆ ಸುಮಾರು 450 ಕಿಲೊ, ಸಾಗವಾನಿಯದ್ದು ಸುಮಾರು 650, ಬೀಟೆಯದ್ದು 800ಕ್ಕೂ ಮೇಲೆ. ಲೆಕ್ಕ ಹಾಕಿ: ಆಲ್ಡರ್ ಬಾಡಿ ಎರಡು ಕಿಲೊ, ಸಾಗವಾನಿ ಮೂರರ ಹತ್ತಿರ, ಬೀಟೆ ಮೂರೂವರೆ ದಾಟುತ್ತದೆ. ಇದರ ಮೇಲೆ ನೆಕ್, ಕಬ್ಬಿಣದ ಸಾಮಾನು. ರಾತ್ರಿ ಹತ್ತಕ್ಕೆ ಶುರುವಾದ ರಸಮಂಜರಿ ಎರಡಕ್ಕೆ ಮುಗಿಯುವಾಗ ಆ ಒಂದೂವರೆ ಕಿಲೊ ಏನೆಂದು ನುಡಿಸಿದವರಿಗೇ ಗೊತ್ತು.

ಇಲ್ಲಿ ಹಿರಿಯ ವಾದಕರ ಮಾತನ್ನೂ ಹೇಳಬೇಕು. ‘ನನಗೆ ವ್ಯತ್ಯಾಸ ಗೊತ್ತಾಗ್ತದ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬೇಸ್‌ನ ಮೇಲಿನ ಕೊಂಬು ಪಕ್ಕೆಲುಬಿಗೆ ಒತ್ತಿಕೊಂಡಿರುತ್ತದೆ, ಕೆಳಗಿನ ಇ ತಂತಿ 41 ಹರ್ಟ್ಜ್‌ನಲ್ಲಿ ನಡುಗಿದಾಗ ಮೈಗೇ ತಾಗುತ್ತದೆ. ಹಗುರ ಮರದಲ್ಲಿ ಅದು ಹೆಚ್ಚು ತಿಳಿಯುತ್ತದೆ. ಹಾಗೆ ತಿಳಿದಾಗ ಕೈ ಬೇರೆ ರೀತಿ ನುಡಿಸುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅದು ನುಡಿಸುವವನಿಗೆ ಆಗುವ ಅನುಭವ. ಪೆಂಡಾಲಿನ ಕೊನೆಯಲ್ಲಿ ಕುಳಿತವರಿಗೆ ಹೋಗುವುದು ಪಿಕಪ್ ಕೇಳಿದ್ದು, ಆಂಪ್ಲಿಫೈಯರ್ ಹೊರಡಿಸಿದ್ದು. ಹೊಸ ತಂತಿ ಹಾಕಿದರೆ ಆಗುವ ಬದಲಾವಣೆಯ ಮುಂದೆ ಬಾಡಿ ಮರದ ಬದಲಾವಣೆ ಏನೂ ಅಲ್ಲ. ಬೆರಳನ್ನು ಬ್ರಿಜ್ ಕಡೆ ಎರಡು ಇಂಚು ಸರಿಸಿ ನೋಡಿ, ಯಾವ ಮರವೂ ಮಾಡದಷ್ಟು ನಾದ ಬದಲಾಗುತ್ತದೆ.

ಫ್ರೆಟ್ ಇಲ್ಲದ ಬೇಸ್ ಇದಕ್ಕೆ ಹೊರತು. ಅಲ್ಲಿ ತಂತಿ ನೇರವಾಗಿ ಫಿಂಗರ್‌ಬೋರ್ಡ್‌ನ ಮೇಲೆ ಒತ್ತುವುದರಿಂದ ಆ ಪಟ್ಟಿ ಎಷ್ಟು ಗಟ್ಟಿ ಎಂಬುದು ಕೇಳಿಸುತ್ತದೆ. ಆದರೆ ಆ ನಾದವನ್ನು ಜಗತ್ತಿಗೆ ಪರಿಚಯಿಸಿದ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನ ಬೀಟೆ ಜಾತಿಯ ಪಟ್ಟಿಗೆ, ತಂತಿ ಅದನ್ನು ತಿನ್ನದಿರಲಿ ಎಂದು, ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. ಜನ ಮರದ ಧ್ವನಿ ಎಂದು ಮೆಚ್ಚಿದ್ದರಲ್ಲಿ ಅಂಟಿನ ಪಾಲೂ ಇತ್ತು.

ಇನ್ನು ಆಶ್, ಆಲ್ಡರ್‌ಗಳಿಗೆ ಈ ಪಟ್ಟ ಬಂದದ್ದು ಹೇಗೆ? 1951ರಲ್ಲಿ ಪ್ರಿಸಿಷನ್ ಬೇಸ್ ತಂದ ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಮೊದಲು ಆಶ್ ಬಳಸಿದರು, 1950ರ ದಶಕದ ಮಧ್ಯದಲ್ಲಿ ಹೆಚ್ಚಿನವಕ್ಕೆ ಆಲ್ಡರ್ ಬಂತು. ಅವರ ಊರಿಗೆ ಸುಲಭವಾಗಿ ಸಿಗುವ, ಬಣ್ಣ ಚೆನ್ನಾಗಿ ಹಿಡಿಯುವ ಮರ ಅದು. ಆ ಬೇಸ್‌ಗಳಲ್ಲಿ ಒಳ್ಳೆಯ ಹಾಡುಗಳು ಬಂದವು, ಹಾಡಿನ ಕೀರ್ತಿ ಮರಕ್ಕೆ ಅಂಟಿತು. 2020ರಲ್ಲಿ ಆಶ್ ಮರಕ್ಕೆ ಕೀಟದ ಕಾಟ, ಮಿಸಿಸಿಪ್ಪಿ ತೀರದಲ್ಲಿ ನೆರೆಯ ಕಾಟ ಎಂದು ಅದೇ ಕಂಪನಿ ಹೆಚ್ಚಿನ ಮಾದರಿಗಳಲ್ಲಿ ಆಶ್ ನಿಲ್ಲಿಸುವುದಾಗಿ ಹೇಳಿತು.

ನಮ್ಮ ಬೀಟೆಯ ಕಥೆ ಇದಕ್ಕಿಂತ ಸ್ವಾರಸ್ಯ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಮರ ಫಿಂಗರ್‌ಬೋರ್ಡ್ ಆಗಿ ಜಗತ್ತೆಲ್ಲ ಸುತ್ತಿದೆ. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವೇ ‘ಸೈಟಿಸ್’ ಒಪ್ಪಂದದ ನಿಯಂತ್ರಣಕ್ಕೆ ಬಂತು. ಕಾಗದಪತ್ರದ ರಗಳೆ ಬೇಡವೆಂದು ಫೆಂಡರ್ ಮೆಕ್ಸಿಕೊದಲ್ಲಿ ಮಾಡುವ ಗಿಟಾರ್‌ಗಳಿಗೆ ಪೌ ಫೆರೊ ಎಂಬ ದಕ್ಷಿಣ ಅಮೆರಿಕದ ಮರ ಹಾಕತೊಡಗಿತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವೆ ಬಂದ ಹಾಡುಗಳಲ್ಲಿ ‘ಇದು ಬೀಟೆಯದ್ದಲ್ಲ’ ಎಂದು ಕೇಳಿ ಗುರುತಿಸಿದವರನ್ನು ನಾನಂತೂ ಕಂಡಿಲ್ಲ.

ಇದೆಲ್ಲ ತಿಳಿದ ಮೇಲೆ ನನಗೆ ಬಂದ ಪ್ರಶ್ನೆ ಸರಳ. ಅವರು ತಮ್ಮ ಊರಿನ ಮರ ಹಾಕಿದರು, ನಾವು ಯಾಕೆ ನಮ್ಮೂರಿನದ್ದು ಹಾಕಬಾರದು? ತಂಬೂರಿಯ ಬ್ರಿಜ್ ಮೇಲೆ ತಂತಿ ಝೇಂಕರಿಸುವ ಹದಕ್ಕೆ ‘ಜವಾರಿ’ ಎನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಾಟಿ ತಳಿ. ಎರಡೂ ಅರ್ಥ ಕೂಡುವ ವಾದ್ಯ ಒಂದು ಆಗಲಿ ಎಂಬ ಆಸೆ.

ಮಹಾಗನಿ ಎಂದರೆ ಕಣ್ಣರಳಿಸುವವರಿಗೆ ಒಂದು ಮಾತು: ಸಸ್ಯಶಾಸ್ತ್ರದ ಪ್ರಕಾರ ಮಹಾಗನಿ, ಬೇವು, ಹೆಬ್ಬೇವು, ಸಿತಾರ್ ದಂಡಿಗೆ ಬಳಸುವ ತೂನ್ ಇವೆಲ್ಲ ಒಂದೇ ಕುಟುಂಬ. ಬೇವು ತೂಕ ಜಾಸ್ತಿ, ನಾರೂ ಸುರುಳಿ. ಹೆಬ್ಬೇವು ಹಗುರ. ಪ್ಲೈವುಡ್‌ಗೆಂದು ಕರ್ನಾಟಕದ ಎಷ್ಟೋ ರೈತರು ಹೊಲದ ಬದುವಿಗೆ ಹಾಕಿದ್ದಾರೆ. ಕಾಡು ಕಡಿಯಬೇಕಾಗಿಲ್ಲ, ಹಡಗಿನಲ್ಲಿ ತರಿಸಬೇಕಾಗಿಲ್ಲ.

ಮರ ಆರಿಸುವ ಜ್ಞಾನ ನಮ್ಮಲ್ಲಿ ಇಲ್ಲವೆಂದೂ ಅಲ್ಲ. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಗುರವಾದ ಪೊಳಕಿ ಮರವನ್ನೇ ಹುಡುಕುತ್ತಾರೆ. ಮರದ ಪುಡಿ, ಹುಣಸೆ ಬೀಜದ ಅಂಟು ಸೇರಿಸಿ ಆಕಾರ ತುಂಬಿ, ಮೇಲೆ ಬಣ್ಣ ಹಚ್ಚುತ್ತಾರೆ. ಗೊಂಬೆಗೆ ಭಾರ ಹೊರುವ ಕೆಲಸವಿಲ್ಲ, ಮೆತ್ತಗೆ ಕೆತ್ತಿಸಿಕೊಂಡರೆ ಸಾಕು. ಬಂಡಿಯ ಗಾಲಿಗೆ ಅದನ್ನು ಹಾಕಲು ಯಾರಿಗೂ ತಲೆ ಕೆಟ್ಟಿಲ್ಲ, ಅಲ್ಲಿಗೆ ಕರಿಜಾಲಿಯೇ ಬೇಕು. ನಮ್ಮ ಬಡಿಗೇರ ಕಾಕಾನಿಗೆ ಬೇಸ್‌ನ ನಕ್ಷೆ ತೋರಿಸಿದಾಗ ಅವರು ಬಾಡಿಯ ಕಡೆ ನೋಡಲೇ ಇಲ್ಲ. ನೆಕ್ ಮೇಲೆ ಬೆರಳಿಟ್ಟು ಕೇಳಿದರು: ‘ತಮ್ಮಾ, ಈ ನಾಕು ತಂತಿ ಎಷ್ಟು ಕಿಲೊ ಜಗ್ಗತಾವು?’ ನಾಲ್ಕೂ ಸೇರಿ ಎಪ್ಪತ್ತು ಕಿಲೊ ಮೇಲೆ ಎಂದೆ. ‘ಹಂಗಾದ್ರ ಹಸಿ ಕಟಿಗಿ ಮುಟ್ಟಬ್ಯಾಡ. ಹಳೇ ಮನಿ ತೊಲಿ ಸಾಗವಾನಿ ನೋಡು. ಅದು ಬಾಗೂದೆಲ್ಲಾ ಬಾಗಿ ಮುಗಿಸಿರ್ತೈತಿ’ ಎಂದರು. ಫ್ಲೈಶರ್ ಪುಟಗಟ್ಟಲೆ ಬರೆದ ವಿಷಯದ ಮುಕ್ಕಾಲು ಭಾಗ ಆ ಒಂದು ಪ್ರಶ್ನೆಯಲ್ಲಿತ್ತು.

ಕೆಲಸ ಹುಡುಕುತ್ತಿರುವ ನನ್ನ ಓರಗೆಯವರು ಇದರಲ್ಲಿ ಕಸುಬೊಂದನ್ನು ನೋಡಬಹುದು ಎಂದೂ ಅನ್ನಿಸುತ್ತದೆ. ಕಾಕಾನ ಕೈ, ಡಿಪ್ಲೊಮಾದವರ ಸಿಎನ್‌ಸಿ, ಪಿಕಪ್ ಸುತ್ತಲು ಎಲೆಕ್ಟ್ರಾನಿಕ್ಸ್‌ನವರು. ಎಡಗೈಯವರು ರಾಜ್ಯದಲ್ಲಿ ನಾನೊಬ್ಬನೇ ಇರಲಾರೆ. ಮನೆಯಲ್ಲಿ ಅವ್ವ ಮಾತ್ರ ‘ಮೊದಲ ಬಿಇ ಮುಗಿಸು, ಆಮ್ಯಾಲ ಬಡಿಗತನ’ ಅಂತಾಳೆ.

ಬೆಂಗಳೂರಿನ ತಯಾರಕರಿಗೆ ಎಲ್ಲ ಬರೆದು ಕೇಳಿದೆ. ಹೆಬ್ಬೇವಿನ ಬಾಡಿಗೆ ಅವರು ಒಪ್ಪಿದ್ದಾರೆ. ಸ್ಕ್ರೂ ಹಿಡಿಯುವ ಕಡೆ ಗಟ್ಟಿ ಮರದ ಬಿಲ್ಲೆ ಕೂಡಿಸುವುದಾಗಿ ಹೇಳಿದರು. ಸಾಗವಾನಿ ನೆಕ್ ಬಗ್ಗೆ ಅವರಿಗೆ ಅನುಮಾನವಿದೆ. ಎಣ್ಣೆ ಜಾಸ್ತಿ, ಅಂಟು ಹಿಡಿಯದು ಎನ್ನುತ್ತಾರೆ. ಕಾಕಾ ಕೇಳಿ ನಕ್ಕು, ಅಂಟಿಸುವ ಮುಂಚೆ ಥಿನ್ನರ್‌ನಲ್ಲಿ ಒರೆಸಬೇಕು ಎಂದರು. ಸದ್ಯಕ್ಕೆ ಯಲಬುರ್ಗಾದ ಗೆಳೆಯನ ಅಜ್ಜನ ಮನೆ ಕೆಡವಿದಾಗ ಬಂದ ಐದು ಅಡಿ ತೊಲೆಯೊಂದು ಕಾಕಾನ ಶೆಡ್ಡಿನಲ್ಲಿದೆ. ಮೊಳೆ ಕೀಳುವ ಕೆಲಸ ನಡೆದಿದೆ. ಅದರಿಂದ ಮೂರು ಪಟ್ಟಿ ಸೀಳಿ, ಎರಡು ತಿಂಗಳು ನೆರಳಲ್ಲಿಟ್ಟು, ಪಟ್ಟಿ ಎಷ್ಟು ಬಾಗಿತೆಂದು ನೂಲು ಹಿಡಿದು ಅಳೆದ ಮೇಲೆ ಬೆಂಗಳೂರಿಗೆ ಪಾರ್ಸೆಲ್ ಮಾಡುವುದೆಂದು ಮಾತಾಗಿದೆ.