ಹಾಡಕಿ ಮೇಳಕ್ಕೆ ಉಳಿದ ಹೊತ್ತು, ಉಳಿದ ರೊಕ್ಕ!

ಜಾತ್ರೆ ಹತ್ತಿರ ಬಂತೆಂದರೆ ಕಮೀಟಿಯವರು ಪಟ್ಟಿ ಹಿಡಿದು ಅಂಗಡಿ ಅಂಗಡಿ ಏರುತ್ತಾರೆ. ಯರಗಟ್ಟಿ ಬಜಾರದ ವ್ಯಾಪಾರಸ್ಥ ಇಲ್ಲ ಅನ್ನುವವನಲ್ಲ. ಗಲ್ಲಾ ತೆಗೆದು ಕೊಡುತ್ತಾನೆ. ಆದರೆ ಆ ರೊಕ್ಕ ಯಾವುದಕ್ಕೆ ಹೋಯಿತು ಎಂದು ಕೇಳುವವರು ಎಷ್ಟು ಜನ?

ಪೆಂಡಾಲಿಗಾಯಿತು, ಲೈಟಿಗಾಯಿತು, ಎದೆ ನಡುಗಿಸುವ ಡಿಜೆಗಂತೂ ಆಗಿಯೇ ಆಯಿತು. ಕೊನೆಗೆ ಉಳಿದ ಚಿಲ್ಲರೆ ಹರದೇಶಿ-ನಾಗೇಶಿ ಮೇಳಕ್ಕೆ! "ಹುಡುಗರು ಕೇಳವಲ್ಲರು" ಎಂಬುದು ಹಿರಿಯರ ನೆವ.

ಹರದೇಶಿಯವರು ಶಿವ ದೊಡ್ಡವ, ಗಂಡು ಹೆಚ್ಚು ಎಂದು ಹಾಡಬೇಕು. ನಾಗೇಶಿಯವರು ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಎಂದು ತಿರುಗೇಟು ಕೊಡಬೇಕು. ಕೈಯಲ್ಲಿ ಡಪ್ಪು, ತುಂತುಣಿ, ತಾಳ. ಹಿಂದೆ ಗೀಗೀ ಎನ್ನುವ ಹಿಮ್ಮೇಳ. ಸವಾಲಿಗೆ ಜವಾಬು ಸಿಗದಿದ್ದರೆ ಮಾನ ಹೋಯಿತು. ಪುರಾಣ, ಶಾಸ್ತ್ರ, ಲೋಕಾನುಭವ ಎಲ್ಲ ಬಾಯಿಪಾಠ. ಇದು ಒಂದು ತಿಂಗಳಲ್ಲಿ ಕಲಿತು ಬರುವ ವಿದ್ಯೆಯಲ್ಲ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯಳಿಗೆ ದಾಟಿ ಬಂದ ಮೇಳಗಳಿವು.

ಈ ಸೀಮೆಗೆ ಹಾಡು ಹೊರಗಿನಿಂದ ಬಂದದ್ದೂ ಅಲ್ಲ. ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತಕ್ಕೆ ಹೊಸ ರೂಪ ಕೊಟ್ಟದ್ದು, ಕೌಜಲಗಿ ನಿಂಗಮ್ಮ ಅದನ್ನು ಆಡಿ ಹೆಸರಾದದ್ದು ಇಲ್ಲಿಯೇ, ಮಗ್ಗುಲಲ್ಲಿ. ಸಂಗ್ಯಾ-ಬಾಳ್ಯಾ ಬೈಲಹೊಂಗಲ ಸೀಮೆಯ ಕಥೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಊರೂರಿನ ಬಾಯಲ್ಲಿ ಉಳಿಸಿದ್ದು ಲಾವಣಿಕಾರರು. ಆ ಲಾವಣಿಯನ್ನು ಬರೆಯಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ! ಪರದೇಶದವನಿಗೆ ಕಂಡ ಬೆಲೆ ಊರಿನ ಕಮೀಟಿಗೆ ಕಾಣಬಾರದೇ?

ಈಗ ಇನ್ನೊಂದು ಫಜೀತಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಹುಣ್ಣಿವೆಗೆಂದು ಸರಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ವರೆಗೆ ಸಡಿಲು ಬಿಡಬಹುದು, ಅಷ್ಟೇ. ಕಾಯದೆ ಸರಿಯಾದದ್ದೇ. ಮುದುಕರು, ಕೂಸುಗಳು, ಪರೀಕ್ಷೆಗೆ ಓದುವ ಹುಡುಗರು ಮಲಗಬೇಡವೇ? ಆದರೆ ಸಂಜೆಯೆಲ್ಲ ಡಿಜೆಗೆ ಬಿಟ್ಟು, ಭಾಷಣ ಸತ್ಕಾರ ಮುಗಿಸಿ, ಒಂಬತ್ತೂವರೆಗೆ ಮೇಳದವರನ್ನು ಕಟ್ಟೆಗೆ ಹತ್ತಿಸಿದರೆ ಹೇಗೆ? ಸ್ತುತಿಪದ ಮುಗಿಯುವಷ್ಟರಲ್ಲಿ ಮೈಕು ಬಂದ್. ಗದ್ದಲ ಮಾಡಿದವರು ಪಾರು. ದಂಡ ತೆತ್ತವರು ಹಾಡುವವರು. ಬೆಳತನಕ ನಡೆಯುವ ವಾದ ಅರ್ಧ ತಾಸಿನಲ್ಲಿ ಮುಗಿದೀತೇ?

ಉಪಾಯ ಕಷ್ಟದ್ದಲ್ಲ. ಹಾಡಕಿ ಮಧ್ಯಾಹ್ನ ಮೂರಕ್ಕೆ ಶುರುವಾಗಲಿ. ರಾತ್ರಿ ಹತ್ತರ ತನಕ ಏಳು ತಾಸು ಸಿಕ್ಕಿತು. ಬೆಳಗಾವಿ-ಬಾಗಲಕೋಟ ರಸ್ತೆ, ಸವದತ್ತಿ-ಗೋಕಾಕ ರಸ್ತೆ ಎರಡೂ ಕೂಡುವ ಊರಿದು. ಸುತ್ತಲಿನ ಹಳ್ಳಿಯವರು ಹಗಲು ಬಸ್ಸಿಗೆ ಬಂದು ಕೇಳಿ ಹೋಗಬಹುದು. ಜನ ನಿಂತರೆ ಚಹದ ಅಂಗಡಿಗೂ ವ್ಯಾಪಾರ, ಚುರಮರಿಯವನಿಗೂ ವ್ಯಾಪಾರ.

ರೊಕ್ಕದ ಮಾತೂ ನೆಟ್ಟಗಾಗಲಿ. ವೀಳ್ಯ ಕೊಟ್ಟ ದಿನವೇ ಇಸಾರ ಕೊಡಬೇಕು; ಡಪ್ಪು ಕೆಳಗಿಟ್ಟ ಕೂಡಲೇ ಬಾಕಿ ಬಿದಾಗಿ ಎಣಿಸಬೇಕು. "ನಾಳೆ ಬರ್ರಿ" ಎಂದರೆ ಕೂಲಿ ಬಿಟ್ಟು ಬಂದ ಕಲಾವಿದ ಇನ್ನೊಂದು ಬಸ್ ಚಾರ್ಜು ಎಲ್ಲಿಂದ ತರಬೇಕು? ಮಂದಿ ಹಾಕಿದ ಆಯೇರಿ ಮೇಳದ್ದೇ. ಕಮೀಟಿ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಜಾನಪದಕ್ಕೆ ಅಕಾಡೆಮಿ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ವಿಶ್ವವಿದ್ಯಾಲಯವೂ ಇದೆ. ಇರಲಿ, ಒಳ್ಳೆಯದು. ಆದರೆ ಮೇಳ ಬದುಕುವುದು ಜಾತ್ರೆಯ ಕಟ್ಟೆಯ ಮೇಲೆ, ಎದುರಿಗೆ ಕೂತು ತಲೆದೂಗುವ ಮಂದಿಯ ಮುಂದೆ.

ಮುಂದಿನ ಸಲ ಪಟ್ಟಿ ಬಂದಾಗ ವ್ಯಾಪಾರಸ್ಥರು ರೊಕ್ಕ ಎಣಿಸುವ ಮುಂಚೆ ಎರಡೇ ಮಾತು ಕೇಳಲಿ: ಹಾಡಕಿ ಎಷ್ಟು ಗಂಟೆಗೆ? ಮೇಳಕ್ಕೆ ಎಷ್ಟು? ಜವಾಬು ಬಂದ ಮೇಲೆ ಗಲ್ಲಾ ತೆಗೆಯಲಿ.