ಕೊಳಗದಿಂದ ಶುರುವಾದ ಉದಾರವಾದ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಾತು ಬಂದರೆ ಹೆಸರುಗಳ ಒಂದು ಪಟ್ಟಿ ತಾನಾಗಿ ಬಾಯಿಗೆ ಬರುತ್ತದೆ. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ಆರಗದ ಕಡೆಯ ಶಾಂತವೇರಿ ಗೋಪಾಲಗೌಡ, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ, ಕೆಸಲೂರಿನ ಗಿರೀಶ ಕಾಸರವಳ್ಳಿ. ಪಟ್ಟಿ ಮುಗಿದ ಕೂಡಲೇ ‘ಅದು ಆ ಮಣ್ಣಿನ ಗುಣ’ ಎಂದು ಯಾರಾದರೂ ಹೇಳುತ್ತಾರೆ, ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಮಣ್ಣಿಗೆ ಅಂಥ ಗುಣವಿದ್ದಿದ್ದರೆ ಅದೇ ಮಣ್ಣಿನ ಮನೆಗಳಲ್ಲಿ ವಿಧವೆಯರ ತಲೆ ಬೋಳಿಸಿದ್ದು ಹೇಗೆ? ಒಕ್ಕಲಿನವನು ಒಡೆಯರ ಅಂಗಳದಲ್ಲಿ ನಿಂತೇ ಮಾತಾಡಬೇಕಾಗಿದ್ದದ್ದು ಹೇಗೆ? ಮಣ್ಣಿನ ಗುಣ ಎಂಬುದು ಉತ್ತರವೇ ಅಲ್ಲ, ಉತ್ತರ ಹುಡುಕುವ ಕೆಲಸವನ್ನು ತಪ್ಪಿಸಿಕೊಳ್ಳುವ ದಾರಿ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನೆಯೂ ಅನೇಕ ಸಲ ಇದೇ ದಾರಿ ಹಿಡಿದಿದೆ.

ರಾಜಕೀಯದಲ್ಲಿ, ಸಮಾಜದಲ್ಲಿ, ಶಿಕ್ಷಣದಲ್ಲಿ ಉದಾರ ವಿಚಾರಗಳು ಬೇರೂರಿದ್ದನ್ನು ಅಧ್ಯಯನ ಮಾಡುವವರು ಎಲ್ಲಿಂದ ಶುರು ಮಾಡಬೇಕು? ಕನ್ನಡ ವಿಭಾಗದವರು ಕಾದಂಬರಿಯಿಂದ ಶುರು ಮಾಡುತ್ತಾರೆ, ರಾಜ್ಯಶಾಸ್ತ್ರದವರು ಸಮಾಜವಾದಿ ಪಕ್ಷದಿಂದ, ಶಿಕ್ಷಣಶಾಸ್ತ್ರದವರು ಶಾಲೆಯ ದಾಖಲಾತಿಯಿಂದ. ಮೂವರೂ ಪ್ರಾಮಾಣಿಕರೇ. ಆದರೆ ಈ ಮೂರು ತಾಲೂಕುಗಳ ಮಟ್ಟಿಗೆ ಶುರು ಮಾಡಬೇಕಾದದ್ದು ಗೇಣಿಯ ಲೆಕ್ಕದಿಂದ ಎಂಬುದು ನನ್ನ ವಾದ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ 1950ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ, ಹವ್ಯಕ ಬ್ರಾಹ್ಮಣರು ಪ್ರಮುಖರಾಗಿದ್ದ ಒಂದು ಹಳ್ಳಿಯಲ್ಲಿ ಅಧ್ಯಯನ ನಡೆಸಿದರು. ಊರಿನ ನಿಜ ಹೆಸರು ಮರೆಮಾಚಿ ‘ತೋಟಗದ್ದೆ’ ಎಂದು ಕರೆದರು. 1959ರಲ್ಲಿ ಅವರು ಬರೆದ ಪ್ರಬಂಧದ ಸಾರ ಇಷ್ಟು: ಬಯಲುಸೀಮೆಯಲ್ಲಿ ಬಡಗಿ, ಕಮ್ಮಾರ, ಅಗಸರು ತಲೆತಲಾಂತರದಿಂದ ಇಂತಿಂಥ ಮನೆಗೆ ಎಂದು ಕಟ್ಟುಬಿದ್ದು, ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು, ಅಡಿಕೆಯ ಮಲೆನಾಡಿನಲ್ಲಿ ಆ ಕಟ್ಟು ಸಡಿಲ. ಇಲ್ಲಿ ಮಾರುಕಟ್ಟೆಗೆ ಹೋಗುವ ಬೆಳೆಯಿದೆ, ಕೈಗೆ ದುಡ್ಡು ಬರುತ್ತದೆ, ಆದ್ದರಿಂದ ಕೆಲಸಕ್ಕೆ ಕೂಲಿ, ಮಾತಿಗೆ ಕರಾರು. ಇದನ್ನು ಓದಿದಾಗ ಮೊದಲು ಆಶ್ಚರ್ಯವಾಗುತ್ತದೆ. ಯುರೋಪಿನ ಉದಾರವಾದಿಗಳು ಹುಟ್ಟಿನ ಸಂಬಂಧ ಹೋಗಿ ಕರಾರಿನ ಸಂಬಂಧ ಬಂದರೆ ಮನುಷ್ಯ ಸ್ವತಂತ್ರನಾದಂತೆ ಎಂದು ನಂಬಿದ್ದರು. ಹಾಗಾದರೆ ಮಲೆನಾಡಿನ ಅಡಿಕೆ ತೋಟ ಸ್ವಾತಂತ್ರ್ಯದ ತವರಾಗಬೇಕಿತ್ತು.

ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಸಾಗರ ತಾಲೂಕಿನ ಕಾಗೋಡಿಗೆ ಹೋಗಬೇಕು. ಅಲ್ಲಿ ದೀವರ ಜಾತಿಯ ಒಕ್ಕಲುಗಳಿಗೂ ಜಮೀನ್ದಾರರಿಗೂ ನಡುವೆ ಗೇಣಿಯ ಒಪ್ಪಂದವಿತ್ತು: ಇಷ್ಟು ಜಮೀನಿಗೆ ಇಷ್ಟು ಖಂಡುಗ ಭತ್ತ. ಒಪ್ಪಂದದಲ್ಲಿ ತಕರಾರಿರಲಿಲ್ಲ, ತಕರಾರಿದ್ದದ್ದು ಅಳೆಯುವ ಕೊಳಗದಲ್ಲಿ. ಸರಕಾರದ ಕೊಳಗ ಮೂರು ಸೇರಿನದು, ಕಣಕ್ಕೆ ಬರುತ್ತಿದ್ದದ್ದು ಒಡೆಯರ ದೊಡ್ಡ ಕೊಳಗ. ಸಂಖ್ಯೆ ಅದೇ, ಭತ್ತ ಮಾತ್ರ ಹೆಚ್ಚು. ಅದರ ಜತೆಗೆ ಬಿಟ್ಟಿ ಚಾಕರಿ, ಏಕವಚನ, ಮೊಣಕಾಲ ಕೆಳಗೆ ಪಂಚೆ ಇಳಿಬಿಡಬಾರದೆಂಬ ಕಟ್ಟಳೆ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಒಕ್ಕಲುಗಳು ಸರಕಾರಿ ಕೊಳಗದಲ್ಲೇ ಅಳೆಯುತ್ತೇವೆ ಎಂದರು, ಒಡೆಯರು ಜಮೀನು ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ರೈತರು ತಂಡ ತಂಡವಾಗಿ ಗದ್ದೆಗಿಳಿದು ಬಂಧನಕ್ಕೊಳಗಾದರು. ಗೋಪಾಲಗೌಡರೂ ಅವರ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತವು. ಜೂನ್‌ನಲ್ಲಿ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

ಕಾಗೋಡು ಸತ್ಯಾಗ್ರಹವನ್ನು ವರ್ಗಹೋರಾಟ ಎಂದು ಓದಿದವರಿದ್ದಾರೆ, ಜಾತಿಯ ಆತ್ಮಗೌರವದ ಹೋರಾಟ ಎಂದು ಓದಿದವರೂ ಇದ್ದಾರೆ. ಎರಡೂ ಸರಿ. ನನಗೆ ಅದರಲ್ಲಿ ಕಾಣುವುದು ಉದಾರವಾದದ ಅತಿ ಮೂಲದ ಬೇಡಿಕೆ: ಇಬ್ಬರಿಗೂ ಒಂದೇ ಅಳತೆ, ಆ ಅಳತೆಯನ್ನು ನಿರ್ಧರಿಸುವವರು ಇಬ್ಬರಿಗೂ ಹೊರಗಿನವರು. ಕರಾರಿದ್ದರೆ ಸಾಲದು, ಕರಾರಿನ ಮಾನದಂಡ ಒಬ್ಬನ ಮನೆಯ ಅಟ್ಟದಲ್ಲಿ ಇರಬಾರದು. ಹಾರ್ಪರ್ ಕಂಡ ಕರಾರಿನ ಮಲೆನಾಡಿಗೆ ಇಲ್ಲದೆ ಹೋದದ್ದು ಇದು. ಈ ಮಾತನ್ನು ತತ್ವಶಾಸ್ತ್ರಜ್ಞರು ಸಂಪುಟಗಟ್ಟಲೆ ಬರೆದು ಹೇಳಿದ್ದಾರೆ. ಕಾಗೋಡಿನವರು ಭತ್ತದ ರಾಶಿಯ ಮುಂದೆ ನಿಂತು ಹೇಳಿದರು.

‘ಗೋಪಾಲಗೌಡರನ್ನು ಉದಾರವಾದಿ ಎನ್ನುವುದೆ?’ ಎಂದು ಕೇಳುವವರಿದ್ದಾರೆ. ಅವರೇ ಇದ್ದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಲೋಹಿಯಾ ಅವರ ಶಿಷ್ಯರಿಗೆ ಉದಾರವಾದಿ ಎಂದರೆ ಇಂಗ್ಲಿಷ್ ಮಾತಾಡುವ, ನಗರದ, ಹೊಟ್ಟೆ ತುಂಬಿದ ಸಜ್ಜನ. ಆದರೂ ಲೆಕ್ಕಕ್ಕೆ ಬರುವುದು ನಡೆದುಕೊಂಡ ರೀತಿ. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಅವರು ಗೆದ್ದದ್ದು ಮತದಾರನ ಹತ್ತಿರ ಓಟನ್ನೂ ಚುನಾವಣೆಯ ಖರ್ಚಿಗೆ ನೋಟನ್ನೂ ಕೇಳಿ. ದುಡ್ಡು ಕೊಟ್ಟು ಓಟು ಕೇಳುವ ಕಾಲದಲ್ಲಿರುವ ನಮಗೆ ಇದು ಕಟ್ಟುಕತೆಯಂತೆ ಕೇಳಿಸಬಹುದು. ಕೊಡುವವನ ಜಾಗದಲ್ಲಿ ಮೊದಲ ಬಾರಿ ಒಕ್ಕಲಿನವನು ಕೂತ. ಮುಂದೆ 1962 ಮತ್ತು 1967ರಲ್ಲಿ ಅವರು ತೀರ್ಥಹಳ್ಳಿಯಿಂದ ಗೆದ್ದರು. ಅದೇ ತೀರ್ಥಹಳ್ಳಿ ತಾಲೂಕಿನ ಕಡಿದಾಳ್ ಮಂಜಪ್ಪನವರು ಕಾಂಗ್ರೆಸ್ಸಿನಲ್ಲಿದ್ದುಕೊಂಡೇ ಭೂಸುಧಾರಣೆಯ ಕಾನೂನಿನ ಕೆಲಸ ಮಾಡಿದರು ಎಂಬುದನ್ನು ಸಮಾಜವಾದದ ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ.

ಭೂಸುಧಾರಣೆಯ ಕಾನೂನಿಗೆ ದೇವರಾಜ ಅರಸರ ಕಾಲದಲ್ಲಿ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೋಪಾಲಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು. ಗೇಣಿ ಜಮೀನು ಸರಕಾರಕ್ಕೆ ಸೇರಿ, ಉಳುವವರು ಭೂ ನ್ಯಾಯಮಂಡಳಿಯ ಮುಂದೆ ಡಿಕ್ಲರೇಷನ್ ಹಾಕಿ, ಒಡೆತನ ಪಡೆದರು. ಇಂದು ಸಮಾಜವಾದದ ನೆಲ ಬೇರೆ ಪಕ್ಷಗಳಿಗೆ ಓಟು ಹಾಕುತ್ತಿದೆ ಎಂದು ಹಲುಬುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಕ್ಕಲು ಒಡೆಯನಾದ. ಗದ್ದೆ ಅಡಿಕೆ ತೋಟವಾಯಿತು. ತೋಟಕ್ಕೆ ಕೊನೆಗಾರ ಬೇಕು, ಅಡಿಕೆ ಸುಲಿಯಲು ಆಳು ಬೇಕು, ಅಡಿಕೆಗೆ ಧಾರಣೆ ಬೇಕು. ಒಡೆಯನಾದವನು ಒಡೆಯನಂತೆ ಓಟು ಹಾಕಿದರೆ ಅದರಲ್ಲಿ ದ್ರೋಹವೇನಿದೆ? ತನ್ನ ಹಿತ ತಾನೇ ಲೆಕ್ಕ ಹಾಕಿಕೊಳ್ಳುವ ಮನುಷ್ಯನನ್ನು ಸೃಷ್ಟಿಸಬೇಕೆಂದೇ ಅಲ್ಲವೇ ಹೋರಾಡಿದ್ದು? ಬೇಸರಪಡಬೇಕಾದದ್ದು ಇನ್ನೊಂದಕ್ಕೆ. ಗೇಣಿ ಚೀಟಿ ಇದ್ದವರಿಗೆ ಜಮೀನು ಬಂತು, ಕೂಲಿಯವರಿಗೆ ಹೆಚ್ಚೆಂದರೆ ಗುಡಿಸಲು ಕಟ್ಟಿಕೊಂಡ ಜಾಗ ಬಂತು. ದಲಿತರಲ್ಲಿ ಬಹಳ ಮಂದಿ ಗೇಣಿದಾರರೇ ಆಗಿರಲಿಲ್ಲ, ಆಳುಗಳಾಗಿದ್ದರು. ಉಳುವವರ ಪರವಾದ ಕಾನೂನು ಅವರನ್ನು ಉಳುವವರೆಂದು ಎಣಿಸಲಿಲ್ಲ.

ಹೆಂಗಸರನ್ನೂ ಎಣಿಸಲಿಲ್ಲ. ನಾಟಿ ಮಾಡುವವರು, ಕಳೆ ಕೀಳುವವರು, ಅಡಿಕೆ ಸುಲಿಯುವವರು ಅವರೇ, ಪಹಣಿಯಲ್ಲಿ ಹೆಸರು ಮನೆಯ ಯಜಮಾನನದು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕಾನೂನು ಬಂದದ್ದು 1994ರಲ್ಲಿ, ಭೂ ನ್ಯಾಯಮಂಡಳಿಗಳು ಕೆಲಸ ಶುರು ಮಾಡಿ ಇಪ್ಪತ್ತು ವರ್ಷ ಕಳೆದ ಮೇಲೆ. ಅದೂ ಅಷ್ಟರಲ್ಲಿ ಮದುವೆಯಾಗಿ ಹೋದವರಿಗೆ ಸಿಗದಂತೆ. ಭೂಸುಧಾರಣೆ ಹಂಚಿದ ಜಮೀನಿನ ಮಗಳ ಪಾಲು ಎಷ್ಟು ಮನೆಗಳಲ್ಲಿ ಪಾಲುಪಟ್ಟಿಯವರೆಗೆ ತಲುಪಿತು ಎಂಬುದನ್ನು ಒಂದು ಹೋಬಳಿಯ ಮಟ್ಟದಲ್ಲಿ ನೋಡಿದರೂ ಒಂದು ಪಿಎಚ್‌.ಡಿ. ಆಗುತ್ತದೆ. ಕುವೆಂಪು ಕಾದಂಬರಿಗಳಲ್ಲಿ ಸ್ತ್ರೀ ಎಂಬ ವಿಷಯದಷ್ಟು ಸಲೀಸಾಗಿ ಅದಕ್ಕೆ ಮಾರ್ಗದರ್ಶಕರು ಸಿಗುತ್ತಾರೆಯೇ ಎಂಬುದು ನನ್ನ ಅನುಮಾನ.

ಒಡೆಯರ ಮನೆಗಳ ಒಳಗೆ ಬೇರೆಯೇ ಕತೆ ನಡೆಯುತ್ತಿತ್ತು. ಹಾರ್ಪರ್ 1969ರ ಇನ್ನೊಂದು ಪ್ರಬಂಧದಲ್ಲಿ ಹವ್ಯಕ ವಿಧವೆಯರ ಬಗ್ಗೆ ಬರೆದರು: ಮನೆಯಲ್ಲಿ ಯಾವ ಅಧಿಕಾರವೂ ಇಲ್ಲದ ಆ ಹೆಂಗಸರನ್ನು ವಿಷವಿಕ್ಕುವವರೆಂದು ಜನ ಅಂಜುತ್ತಿದ್ದರಂತೆ. ತುಳಿದವರಿಗೆ ತುಳಿಸಿಕೊಂಡವರ ಭಯ. 1964ರಿಂದ ಅದೇ ತೋಟಗದ್ದೆಗೆ ಹೆಲೆನ್ ಉಲ್ರಿಚ್ ಎಂಬ ಅಮೆರಿಕದ ವಿದುಷಿ ಬರತೊಡಗಿದರು. ಮೊದಲು ಭಾಷಾ ಅಧ್ಯಯನಕ್ಕೆ ಬಂದವರು ಆಮೇಲೆ ಮನೋವೈದ್ಯೆಯಾದರು, ದಶಕಗಟ್ಟಲೆ ಅದೇ ಮನೆಗಳಿಗೆ ಮರಳಿ ಬಂದರು, 2017ರಲ್ಲಿ ತೋಟಗದ್ದೆಯ ಹೆಂಗಸರ ಮೇಲೆ ಪುಸ್ತಕ ತಂದರು. ಅಜ್ಜಿಗೆ ಮೈನೆರೆಯುವ ಮೊದಲೇ ಮದುವೆ, ಮೊಮ್ಮಗಳಿಗೆ ಕಾಲೇಜು ಮತ್ತು ಗಂಡನ ಆಯ್ಕೆಯಲ್ಲಿ ಮಾತು. ಈ ಬದಲಾವಣೆಯ ಎಳೆ ಹಿಡಿದು ಹೋದರೆ ಹುಡುಗಿಯರ ಶಾಲೆ ಸಿಗುತ್ತದೆ ಎಂಬುದು ಅವರ ನಿಲುವು.

ಶಾಲೆ ಒಂದೇ ಅಲ್ಲ ಎಂದು ನಾನು ಸೇರಿಸುತ್ತೇನೆ. ಗೇಣಿ ಜಮೀನು ಕೈಬಿಟ್ಟ ಮೇಲೆ ಹವ್ಯಕ ಮನೆಗಳ ಗಂಡುಮಕ್ಕಳು ಓದಿ ಊರು ಬಿಡುವುದು ಹೆಚ್ಚಾಯಿತು. ಬೆಂಗಳೂರಿನಲ್ಲಿ ಕೆಲಸ ಹಿಡಿದವನಿಗೆ ಓದಿದ ಹುಡುಗಿ ಬೇಕಾಯಿತು. ಹಾಗಾದರೆ ಕಾಗೋಡಿನ ಕಣದಲ್ಲಿ ಎದ್ದ ಜಗಳಕ್ಕೂ ಬೇರೆ ಊರಿನ, ಬೇರೆ ಜಾತಿಯ ಹುಡುಗಿಯೊಬ್ಬಳು ಕಾಲೇಜಿಗೆ ಹೋದದ್ದಕ್ಕೂ ಸಂಬಂಧವಿದೆಯೆ? ಇದೆ ಎಂಬುದು ನನ್ನ ಊಹೆ. ಪರೀಕ್ಷಿಸಲು ಯೋಗ್ಯವಾದ ಊಹೆ. ಭೂಮಿಯ ಲೆಕ್ಕ ಒಂದು ವಿಭಾಗದಲ್ಲಿ, ಮದುವೆಯ ಲೆಕ್ಕ ಇನ್ನೊಂದರಲ್ಲಿ, ಶಾಲೆಯ ಲೆಕ್ಕ ಮತ್ತೊಂದರಲ್ಲಿ ಇರುವ ತನಕ ಪರೀಕ್ಷೆ ಆಗುವುದಿಲ್ಲ. ಹಾಗೆಯೇ ಇನ್ನೊಂದು ಮುಜುಗರದ ಮಾತು: ಹಳ್ಳಿಯ ಹೆಂಗಸರ ಒಳಮನೆಯನ್ನು ಇಷ್ಟು ದೀರ್ಘಕಾಲ, ಇಷ್ಟು ತಾಳ್ಮೆಯಿಂದ ನೋಡಲು ಕಡಲಾಚೆಯಿಂದ ಒಬ್ಬರು ಬರಬೇಕಾಯಿತು.

ಕಾಗೋಡಿನ ದಾರಿ ಒಂದು, ಶಾಲೆಯ ದಾರಿ ಇನ್ನೊಂದು, ಕುವೆಂಪು ಅವರ ದಾರಿ ಮೂರನೆಯದು. ಜಮೀನಿನ ಹಂಚಿಕೆಗಿಂತ ತಲೆಯೊಳಗಿನ ಪುರೋಹಿತನನ್ನು ಹೊರಹಾಕುವುದು ಅವರಿಗೆ ಮುಖ್ಯವಾಗಿತ್ತು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದಂತೆ ನಡೆಸಿದರು: ಪುರೋಹಿತರಿಲ್ಲ, ವಾಲಗವಿಲ್ಲ, ವರದಕ್ಷಿಣೆಯಿಲ್ಲ. ಇಷ್ಟು ಅಗ್ಗದ, ಇಷ್ಟು ಘನತೆಯ ಮದುವೆಯನ್ನು ಯಾಕೆ ಮಲೆನಾಡಿನ ಎಲ್ಲರೂ ಹಿಡಿಯಲಿಲ್ಲ? ಹೊಸದಾಗಿ ಒಡೆಯನಾದವನಿಗೆ ಕಲ್ಯಾಣ ಮಂಟಪದಲ್ಲಿ ಸಾವಿರ ಜನಕ್ಕೆ ಊಟ ಹಾಕುವುದು ತಲೆಮಾರುಗಳ ಅವಮಾನಕ್ಕೆ ಉತ್ತರವಾಗಿ ಕಂಡಿತು. ಸರಳತೆಯನ್ನು ಆರಿಸಿಕೊಳ್ಳಲು ಮೊದಲು ಅದ್ದೂರಿ ಕೈಗೆಟುಕಬೇಕು. ವಿಚಾರವಾದಿಗಳು ಇದನ್ನು ಅಜ್ಞಾನ ಎಂದು ಬೈದು ಮುಂದೆ ಹೋದರು. ಬೈಯುವ ಬದಲು ಕೇಳಿದ್ದರೆ ಚೆನ್ನಾಗಿತ್ತು.

ಆರಂಭದ ಪಟ್ಟಿಯಲ್ಲಿ ಹೊಸನಗರದ ಹೆಸರು ಕಾಣದಿರುವುದಕ್ಕೂ ಕಾರಣವಿದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ ಮತ್ತು ಹೊಸನಗರ ತಾಲೂಕುಗಳ ಹಳ್ಳಿ ಹಳ್ಳಿಗಳೇ ನೀರಿನಡಿ ಹೋದವು. ಮುಳುಗಡೆಯ ಜನರನ್ನು ಲಾರಿಯಲ್ಲಿ ತಂದು ಕಾಡಿನಂಚಿಗೆ ಬಿಟ್ಟರು. ಆ ಜಾಗ ಅರಣ್ಯವೋ ಕಂದಾಯವೋ ಎಂಬ ತಕರಾರು ಅರವತ್ತು ವರ್ಷವಾದರೂ ಮುಗಿದಿಲ್ಲ. ಸಾಗರದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ಗಳಲ್ಲಿ, ಕಾಸರವಳ್ಳಿಯವರ ಸಿನಿಮಾದಲ್ಲಿ ಆ ಜನ ಇದ್ದಾರೆ, ಉದಾರವಾದದ ಅಧ್ಯಯನಗಳಲ್ಲಿ ಇಲ್ಲ. ಶರಾವತಿ ಹಿನ್ನೀರಿನ ಆಚೆ ದಂಡೆಯ ಹುಡುಗಿ ಸಾಗರದ ಕಾಲೇಜಿಗೆ ಬರಬೇಕಾದರೆ ಲಾಂಚು ಹೊರಡುವ ಹೊತ್ತಿಗೆ ತನ್ನ ಓದನ್ನು ಹೊಂದಿಸಿಕೊಳ್ಳಬೇಕಿತ್ತು. ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಶಿಕ್ಷಣದ ಸ್ವಾತಂತ್ರ್ಯದ ಬಗ್ಗೆ ಬರೆಯುವವರು ಲಾಂಚಿನ ವೇಳಾಪಟ್ಟಿಯನ್ನೂ ದಾಖಲೆ ಎಂದು ಒಪ್ಪಬೇಕಾಗುತ್ತದೆ.

ದಾಖಲೆ ಎಂದಾಗ ನನ್ನ ಮನಸ್ಸಿಗೆ ಬರುವುದು ಭೂ ನ್ಯಾಯಮಂಡಳಿಯ ಕಡತಗಳು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜತೆಗೆ ಸರಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು ಎಂದು ಕಾನೂನು. ಅಂದರೆ ಊರ ಒಡೆಯನ ಹೇಳಿಕೆಯನ್ನು ತೂಗಿ ನೋಡುವ ಸ್ಥಾನದಲ್ಲಿ ದಲಿತನೋ ಆದಿವಾಸಿಯೋ ಒಬ್ಬ ಕೂತಿದ್ದ, ಎದುರಿಗೆ ಒಕ್ಕಲಿನವನು ಪ್ರಮಾಣ ಮಾಡಿ ‘ಈ ಜಮೀನು ನಾನು ಇಷ್ಟು ವರ್ಷದಿಂದ ಗೇಣಿಗೆ ಮಾಡುತ್ತಿದ್ದೇನೆ’ ಎಂದು ಹೇಳುತ್ತಿದ್ದ. ಧಣಿ ಅಲ್ಲೇ ಇದ್ದು ಕೇಳಿಸಿಕೊಳ್ಳಬೇಕು. ಸಾಕ್ಷಿಗೆ ಬಂದ ನೆರೆಮನೆಯವನು ಯಾರ ಕಡೆ ಹೇಳಿದ, ಯಾರ ಹೆದರಿಕೆಗೆ ಮಾತು ಬದಲಿಸಿದ, ಯಾವ ಮನೆಯವರು ಧಣಿಯ ಮೇಲಿನ ಮರ್ಯಾದೆಗೆ ಡಿಕ್ಲರೇಷನ್ನೇ ಹಾಕದೆ ಸುಮ್ಮನಾದರು, ಗಂಡ ಸತ್ತ ಹೆಂಗಸು ತಾನೇ ಬಂದು ಹೇಳಿಕೆ ಕೊಟ್ಟಳೋ ಮೈದುನನನ್ನು ಕಳಿಸಿದಳೋ ಎಂಬುದೆಲ್ಲ ತಿಳಿಯಬೇಕಾದರೆ ಆ ಕಡತಗಳನ್ನೇ ಬಿಚ್ಚಬೇಕು. ರಾಜಕೀಯ, ಸಮಾಜ, ಶಿಕ್ಷಣ ಮೂರೂ ಒಂದೇ ಹಾಳೆಯಲ್ಲಿ ಸಿಗುತ್ತವೆ: ಬೇಡಿಕೆ ಯಾರದು, ಜಾತಿ ಯಾವುದು, ಕೆಳಗೆ ಹಾಕಿದ್ದು ರುಜುವೋ ಹೆಬ್ಬೆಟ್ಟೋ. 1987ರಿಂದ ಶಂಕರಘಟ್ಟದಲ್ಲಿ ಕುವೆಂಪು ಹೆಸರಿನ ವಿಶ್ವವಿದ್ಯಾಲಯವಿದೆ. ಮೂರು ವಿಭಾಗಗಳಿಂದ ಒಬ್ಬೊಬ್ಬ ವಿದ್ಯಾರ್ಥಿಯನ್ನು ಸೇರಿಸಿ ಸಾಗರದ ಒಂದು ಹೋಬಳಿಯ ಕಡತಗಳ ಮುಂದೆ ಕೂರಿಸಿದರೆ ಕೆಲಸ ಶುರುವಾಗುತ್ತದೆ. ಗೆದ್ದವರಷ್ಟೇ ಸೋತ ಅರ್ಜಿದಾರರ ಕಡತಗಳನ್ನೂ ಅವರು ಬಿಡಬಾರದು.